ಡ್ರೋನ್ ಬಿಡಿಸುವ ಅನಿಲದ ನಕ್ಷೆ: ಆ ಕೆಂಪು ಮಚ್ಚೆಯನ್ನು ಎಷ್ಟು ನಂಬಬೇಕು?

ಒಂದು ಉಪಗ್ರಹ ಚಿತ್ರ. ಅದರಲ್ಲಿ ಗ್ಯಾಸ್ ಘಟಕವೋ ಕಸದ ಗುಡ್ಡವೋ ಕಾಣುತ್ತದೆ. ಅದರ ಮೂಲೆಯಿಂದ ಕೆಂಪು ಮಚ್ಚೆಯೊಂದು ಹೊರಟು, ಹಳದಿಯಾಗಿ, ಹಸಿರಾಗಿ, ಕೊನೆಗೆ ಮಾಸಿಹೋಗುತ್ತದೆ. ಡ್ರೋನ್ ಹಾರಿಸಿ ಅನಿಲ ಸೋರಿಕೆ ಹುಡುಕುವವರ ವರದಿಗಳಲ್ಲಿ ಇಂಥ ಚಿತ್ರ ಇದ್ದೇ ಇರುತ್ತದೆ. ನೋಡಿದ ಕೂಡಲೇ ಎಲ್ಲ ಅರ್ಥವಾಯಿತು ಅನ್ನಿಸುತ್ತದೆ. ಆದರೆ ಚಿತ್ರದಲ್ಲಿರುವ ಆ ಆಕಾರದಲ್ಲಿ ಅನಿಲ ಯಾವ ಕ್ಷಣದಲ್ಲೂ ಅಲ್ಲಿ ಇರಲಿಲ್ಲ.

ಡ್ರೋನ್ ಇಪ್ಪತ್ತು ನಿಮಿಷ ಹಾರಿದೆ ಅಂದುಕೊಳ್ಳಿ. ಅತ್ತಿಂದಿತ್ತ ಸಾಲುಸಾಲಾಗಿ ಹೋಗಿ ಬಂದಿದೆ. ತಾನು ಹಾದುಹೋದ ಗೆರೆಯ ಮೇಲೆ ಮಾತ್ರ ಅದು ಅನಿಲವನ್ನು ಅಳೆದಿದೆ. ಗೆರೆಗಳ ನಡುವಿನ ಖಾಲಿ ಜಾಗವನ್ನು ಆಮೇಲೆ ಸಾಫ್ಟ್‌ವೇರ್ ಲೆಕ್ಕ ಹಾಕಿ ತುಂಬಿದೆ. ಅಷ್ಟರಲ್ಲಿ ಗಾಳಿ ಹತ್ತಾರು ಸಲ ದಿಕ್ಕು ಬದಲಿಸಿರುತ್ತದೆ. ಓಡಾಡುವ ಜನರ ನಡುವೆ ನಿಂತು ಮೊಬೈಲ್‌ನಲ್ಲಿ ಪನೋರಮಾ ಫೋಟೋ ತೆಗೆದ ಹಾಗೆ ಇದು. ಒಬ್ಬರು ಎರಡು ಕಡೆ ಬರುತ್ತಾರೆ, ಇನ್ನೊಬ್ಬರು ಬರುವುದೇ ಇಲ್ಲ.

ಹಾಗಂತ ಡ್ರೋನ್ ನಕ್ಷೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅದು ತುಂಬ ಉಪಯೋಗದ ಸಾಧನ. ಆದರೆ ಅದು ಹೇಳುವ ಎಲ್ಲ ವಿಷಯಕ್ಕೂ ಒಂದೇ ತೂಕ ಇಲ್ಲ. ಸೋರಿಕೆ ಎಲ್ಲಿದೆ ಎಂದು ಅದು ಹೇಳಿದರೆ ಸಾಮಾನ್ಯವಾಗಿ ನಂಬಬಹುದು. ಎಷ್ಟು ಸೋರುತ್ತಿದೆ ಎಂದು ಹೇಳಿದರೆ ಹಿಂದೆ ಮುಂದೆ ವಿಚಾರಿಸಬೇಕು. ಸೋರಿಕೆಯೇ ಇಲ್ಲ ಎಂದರೆ ಇನ್ನೂ ಜಾಸ್ತಿ ವಿಚಾರಿಸಬೇಕು.

ಈಗಲೇ ಇದನ್ನು ಮಾತಾಡಲು ಕಾರಣ ಮೀಥೇನ್. ಗ್ಯಾಸ್ ಘಟಕದಿಂದಲೂ ಕಸದ ಗುಡ್ಡದಿಂದಲೂ ಹೊರಬರುವ ಮುಖ್ಯ ಅನಿಲ ಅದು. ಇಪ್ಪತ್ತು ವರ್ಷದ ಲೆಕ್ಕದಲ್ಲಿ ನೋಡಿದರೆ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಮೀಥೇನ್ 80 ಪಟ್ಟಿಗೂ ಹೆಚ್ಚು ಬಿಸಿ ಹಿಡಿದಿಡುತ್ತದೆ. 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಹಲವು ದೇಶಗಳು ಸೇರಿ, 2030ರೊಳಗೆ ಜಗತ್ತಿನ ಮೀಥೇನ್ ಹೊರಸೂಸುವಿಕೆಯನ್ನು 2020ರ ಮಟ್ಟಕ್ಕಿಂತ ಶೇ 30ರಷ್ಟು ಇಳಿಸುವ ಗುರಿ ಇಟ್ಟುಕೊಂಡವು. 2024ರ ಆಗಸ್ಟ್‌ನಲ್ಲಿ ಯುರೋಪಿಯನ್ ಒಕ್ಕೂಟದ ಮೀಥೇನ್ ಕಾನೂನು ಜಾರಿಗೆ ಬಂತು. ಕಂಪನಿಗಳು ಅಳೆದು ವರದಿ ಕೊಡಬೇಕು, ಸೋರಿಕೆ ಹುಡುಕಿ ರಿಪೇರಿ ಮಾಡಬೇಕು ಎಂದು ಅದು ಹೇಳುತ್ತದೆ.

ಅಲ್ಲಿಯವರೆಗೆ ನಡೆಯುತ್ತಿದ್ದದ್ದು ಬಹುಪಾಲು ಅಂದಾಜು. ಇಷ್ಟು ವಾಲ್ವ್, ಇಷ್ಟು ಪಂಪ್, ಒಂದೊಂದಕ್ಕೆ ಇಷ್ಟು ಸೋರಿಕೆ ಎಂದು ಗುಣಿಸಿ ಕೂಡಿಸುವ ಲೆಕ್ಕ. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಅಮೆರಿಕದ ತೈಲ ಮತ್ತು ಅನಿಲ ಉದ್ಯಮವನ್ನು ನಿಜವಾಗಿ ಅಳೆದು ನೋಡಿತು. ಸರ್ಕಾರಿ ಅಂದಾಜಿಗಿಂತ ಸುಮಾರು ಶೇ 60ರಷ್ಟು ಹೆಚ್ಚು ಮೀಥೇನ್ ಹೊರಹೋಗುತ್ತಿತ್ತು. ಉತ್ಪಾದನೆಯ ಶೇ 2.3 ಭಾಗ ಗಾಳಿಪಾಲು.

ಸರಿ, ಉಪಗ್ರಹದಿಂದಲೇ ನೋಡಬಹುದಲ್ವಾ? ಒಂದು ಮಟ್ಟಿಗೆ ಹೌದು. ಯುರೋಪಿನ ಸೆಂಟಿನೆಲ್-5ಪಿ ಉಪಗ್ರಹ ದಿನಾ ಭೂಮಿಯನ್ನೆಲ್ಲ ನೋಡುತ್ತದೆ. ಆದರೆ ಅದರ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಹಲವು ಕಿಲೋಮೀಟರ್ ಉದ್ದ, ಹಲವು ಕಿಲೋಮೀಟರ್ ಅಗಲ. ಹತ್ತಿರದಿಂದ ನೋಡುವ ಖಾಸಗಿ ಉಪಗ್ರಹಗಳಿವೆ. ಅವುಗಳಿಗೆ ಗಂಟೆಗೆ ಸುಮಾರು 100 ಕಿಲೋ ಸೋರುವಷ್ಟು ದೊಡ್ಡದು ಬೇಕು. ಇದೇ ಕೆಲಸಕ್ಕೆಂದು 2024ರ ಮಾರ್ಚ್‌ನಲ್ಲಿ ಹಾರಿಸಿದ ಮೀಥೇನ್‌ಸ್ಯಾಟ್ 2025ರ ಜೂನ್‌ನಲ್ಲಿ ಸಂಪರ್ಕ ಕಳೆದುಕೊಂಡಿತು. ಇನ್ನು ನೆಲದ ಮೇಲೆ ಕೈಯಲ್ಲಿ ಉಪಕರಣ ಹಿಡಿದು ನಡೆಯುವುದು ನಿಖರ, ಆದರೆ ನಿಧಾನ. ಎತ್ತರದ ಟ್ಯಾಂಕಿನ ತಲೆಗೆ ಕೈ ಸಿಗುವುದಿಲ್ಲ. ಈ ಎರಡರ ನಡುವಿನ ಜಾಗಕ್ಕೆ ಡ್ರೋನ್ ಬಂದಿದೆ.

ಅನಿಲ ಹೇಗೆ ಹರಡುತ್ತದೆ

ಪಠ್ಯಪುಸ್ತಕದಲ್ಲಿ ಹೊಗೆ ಕೊಳವೆಯಿಂದ ಹೊರಟ ಪ್ಲೂಮ್ (ಗಾಳಿಯ ಜೊತೆ ಸಾಗುವ ಅನಿಲದ ಬಾಲ) ಒಂದು ನುಣುಪಾದ ಶಂಕುವಿನ ಆಕಾರದಲ್ಲಿ ಹಿಗ್ಗುತ್ತಾ ಹೋಗುತ್ತದೆ. ನಡುವೆ ಗಾಢ, ಅಂಚಿನಲ್ಲಿ ತೆಳು. ಈ ಚಿತ್ರದ ಹಿಂದೆ ನಿಜವಾದ ಅಳತೆಗಳಿವೆ. 1956ರಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಓನೀಲ್ ಎಂಬಲ್ಲಿ, ಮಟ್ಟಸವಾದ ಹುಲ್ಲುಗಾವಲಿನಲ್ಲಿ ಸಲ್ಫರ್ ಡೈಆಕ್ಸೈಡ್ ಬಿಟ್ಟು ನೋಡಿದರು. 50 ಮೀಟರ್‌ನಿಂದ 800 ಮೀಟರ್‌ವರೆಗೆ ಐದು ಕಮಾನುಗಳಲ್ಲಿ ಸಂಗ್ರಹ ಉಪಕರಣ ಇಟ್ಟಿದ್ದರು. 'ಪ್ರೇರಿ ಗ್ರಾಸ್' ಎಂಬ ಆ ಪ್ರಯೋಗದ ಅಂಕಿಗಳನ್ನು ಇವತ್ತಿಗೂ ಬಳಸುತ್ತಾರೆ. ಆದರೆ ಅಲ್ಲಿ ಅಳೆದದ್ದು ಹತ್ತು ನಿಮಿಷದ ಸರಾಸರಿ. ಆ ನುಣುಪು ಬಂದದ್ದು ಸರಾಸರಿಯಿಂದ.

ಒಂದೊಂದು ಕ್ಷಣ ನೋಡಿದರೆ ಕಥೆ ಬೇರೆ. ಗಾಳಿಯ ಸುಳಿಗಳು ಅನಿಲವನ್ನು ಎಳೆ ಎಳೆಯಾಗಿ ಹರಿದುಹಾಕುತ್ತವೆ. ಎಳೆಗಳ ನಡುವೆ ಶುದ್ಧ ಗಾಳಿ ಇರುತ್ತದೆ. ಇಡೀ ಬಾಲವೇ ಎಡಕ್ಕೂ ಬಲಕ್ಕೂ ತೂಗಾಡುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ನೆಲ ಕಾದು ಗಾಳಿ ಮೇಲೆ ಕೆಳಗೆ ಕುಣಿಯುವಾಗ ಪ್ಲೂಮ್ ಕೂಡ ಕುಣಿಯುತ್ತದೆ. ರಾತ್ರಿ ನೆಲ ತಣ್ಣಗಾದ ಮೇಲೆ ಅದೇ ಅನಿಲ ಚಪ್ಪಟೆಯಾಗಿ, ಹೆಚ್ಚು ಬೆರೆಯದೆ, ದೂರದವರೆಗೆ ಹೋಗುತ್ತದೆ. ಗಾಳಿ ಹೋಗುವ ಕಡೆ ಸೋರಿಕೆಯ ನೇರಕ್ಕೇ ಸೆನ್ಸರ್ ಇಟ್ಟರೂ ಎಷ್ಟೋ ಹೊತ್ತು ಅದಕ್ಕೆ ಏನೂ ಸಿಗದೆ ಇರಬಹುದು. ಆಮೇಲೆ ಒಮ್ಮೆಗೇ ಜೋರಾಗಿ ಒಂದು ಹೊಡೆತ.

ಇದರ ಪರಿಣಾಮ ದೊಡ್ಡದು. "ಅನಿಲ ಜಾಸ್ತಿ ಇರುವ ಕಡೆಗೆ ಹೋಗುತ್ತಾ ಇರು, ಮೂಲ ಸಿಗುತ್ತದೆ" ಎಂಬ ಸರಳ ಸೂತ್ರ ಹೊರಗಿನ ಗಾಳಿಯಲ್ಲಿ ಕೈಕೊಡುತ್ತದೆ. ಪತಂಗಗಳಿಗೆ ಇದು ಗೊತ್ತು. ಹೆಣ್ಣು ಪತಂಗದ ವಾಸನೆಯ ಎಳೆ ತಾಗಿದರೆ ಗಂಡು ಗಾಳಿಗೆ ಎದುರಾಗಿ ನುಗ್ಗುತ್ತದೆ. ವಾಸನೆ ತಪ್ಪಿದರೆ ಅಡ್ಡಡ್ಡ ಹಾರಿ ಮತ್ತೆ ಹುಡುಕುತ್ತದೆ. 2007ರಲ್ಲಿ ಮೂವರು ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ 'ಇನ್ಫೋಟ್ಯಾಕ್ಸಿಸ್' ಎಂಬ ಗಣಿತದ ವಿಧಾನ ಪ್ರಕಟಿಸಿದರು. ಅನಿಲ ಜಾಸ್ತಿ ಇರುವ ಕಡೆ ಹೋಗಬೇಡ, ಮೂಲ ಎಲ್ಲಿದೆ ಎಂಬ ಗೊಂದಲ ಎಲ್ಲಿ ಹೋದರೆ ಹೆಚ್ಚು ಕಡಿಮೆಯಾಗುತ್ತದೋ ಅಲ್ಲಿಗೆ ಹೋಗು ಎನ್ನುವುದು ಅದರ ಸಾರ. ನನಗೆ ಈ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ವಿಚಾರ ಇದು. ಏನೂ ಸಿಗದೆ ಇರುವುದೂ ಇಲ್ಲಿ ಒಂದು ಮಾಹಿತಿ.

ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2020ರಲ್ಲಿ ಇನ್ನೂ ಮುಂದೆ ಹೋಗಿ, ಪುಟಾಣಿ ಡ್ರೋನ್ ಮೇಲೆ ನಿಜವಾದ ಪತಂಗದ, ವಾಸನೆ ಹಿಡಿಯುವ ಮೀಸೆಯನ್ನೇ ಕೂರಿಸಿದರು. ಯಂತ್ರದ ಸೆನ್ಸರ್‌ಗಿಂತ ಅದು ಬೇಗ ಸ್ಪಂದಿಸುತ್ತದೆ. ಆದರೆ ಕೆಲವೇ ಗಂಟೆ ಬಾಳುತ್ತದೆ.

ಸೆನ್ಸರ್ ನಿಧಾನ, ರೆಕ್ಕೆಯ ಗಾಳಿ ಜೋರು

ಅಗ್ಗದ ಸೆನ್ಸರ್‌ಗಳ ತೊಂದರೆ ಸ್ಪಂದನೆಯ ವೇಗದಲ್ಲಿದೆ. ಹಲವು ಎಲೆಕ್ಟ್ರೋಕೆಮಿಕಲ್ ಸೆನ್ಸರ್‌ಗಳು ನಿಜವಾದ ಮೌಲ್ಯದ ಹತ್ತಿರ ಬರಲು ಅರ್ಧ ನಿಮಿಷದಷ್ಟು ತೆಗೆದುಕೊಳ್ಳುತ್ತವೆ. ಡ್ರೋನ್ ಸೆಕೆಂಡಿಗೆ 5 ಮೀಟರ್ ಹೋಗುತ್ತಿದ್ದರೆ ಅಷ್ಟರಲ್ಲಿ 150 ಮೀಟರ್ ದಾಟಿರುತ್ತದೆ. ಪ್ಲೂಮ್‌ನ ಅಗಲ 20 ಮೀಟರ್ ಇದ್ದರೆ ಸೆನ್ಸರ್ ಕಣ್ಣು ಬಿಡುವಷ್ಟರಲ್ಲಿ ಡ್ರೋನ್ ಆಚೆಗೆ ಹೋಗಿಯಾಗಿದೆ. ಮೆಟಲ್ ಆಕ್ಸೈಡ್ ಸೆನ್ಸರ್‌ಗಳು ಸ್ವಲ್ಪ ಬೇಗ ಏರುತ್ತವೆ, ಆದರೆ ಇಳಿಯುವಾಗ ಎಳೆದಾಡುತ್ತವೆ. ಅನಿಲ ಹಿಂದೆ ಉಳಿದರೂ ಇನ್ನೂ ಇದೆ ಎನ್ನುತ್ತಲೇ ಇರುತ್ತವೆ. ತೇವ, ಬಿಸಿ ಬದಲಾದರೂ ಅವುಗಳ ಅಂಕಿ ಬದಲಾಗುತ್ತದೆ.

ಇದನ್ನು ನಕ್ಷೆ ನೋಡಿಯೇ ಗುರುತಿಸಬಹುದು. ಡ್ರೋನ್ ಒಂದು ಸಾಲಿನಲ್ಲಿ ಹೋಗಿ ಪಕ್ಕದ ಸಾಲಿನಲ್ಲಿ ವಾಪಸ್ ಬರುತ್ತದೆ. ಸೆನ್ಸರ್ ನಿಧಾನವಾಗಿದ್ದರೆ ಮಚ್ಚೆ ಒಂದು ಸಾಲಿನಲ್ಲಿ ಬಲಕ್ಕೂ ಮುಂದಿನ ಸಾಲಿನಲ್ಲಿ ಎಡಕ್ಕೂ ಸರಿದಿರುತ್ತದೆ. ಹಾಗಾಗಿ ಪ್ಲೂಮ್‌ನ ಅಂಚು ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ವರದಿ ಮಾಡಿದವರು ಈ ತಡವನ್ನು ಸರಿಪಡಿಸಿಲ್ಲ ಎನ್ನುವುದಕ್ಕೆ ಅದೇ ಗುರುತು. (ಕೆಲವರು ಚಿತ್ರವನ್ನು ಇನ್ನಷ್ಟು ನುಣುಪು ಮಾಡಿ ಹಲ್ಲುಗಳನ್ನು ಮುಚ್ಚುತ್ತಾರೆ. ಆಗ ನೋಡಲು ಚೆನ್ನಾಗಿರುತ್ತದೆ ಅಷ್ಟೇ.)

ಎರಡನೆಯ ತೊಂದರೆ ಡ್ರೋನ್‌ನದ್ದೇ. ಅದು ಮೇಲೆ ನಿಲ್ಲುವುದೇ ಗಾಳಿಯನ್ನು ಕೆಳಗೆ ತಳ್ಳಿ. ಆ ತಳ್ಳುವ ಗಾಳಿ ಸೆಕೆಂಡಿಗೆ ಹಲವು ಮೀಟರ್ ವೇಗದ್ದು. ಎಷ್ಟೋ ಸಲ ಸುತ್ತಲಿನ ಗಾಳಿಗಿಂತ ಜೋರು. ಸೆನ್ಸರನ್ನು ಹೊಟ್ಟೆಯ ಕೆಳಗೆ ಕಟ್ಟಿದರೆ ಅದು ಅಳೆಯುವುದು ಮೇಲಿನಿಂದ ಬಂದ ಕಲಸುಮಲಸು ಗಾಳಿಯನ್ನು. ಅದಕ್ಕೇ ಕೆಲವರು ಸೆನ್ಸರನ್ನು ತಲೆಯ ಮೇಲೆ ಇಡುತ್ತಾರೆ. ಕೆಲವರು ಮುಂದಕ್ಕೆ ಉದ್ದ ಕೋಲು ಚಾಚಿ ಅದರ ತುದಿಯಲ್ಲಿ ಕಟ್ಟುತ್ತಾರೆ. ಇನ್ನು ಕೆಲವರು ಹಲವು ಮೀಟರ್ ಕೆಳಗೆ ಇಳಿಬಿಟ್ಟ ಕೊಳವೆಯಿಂದ ಗಾಳಿ ಎಳೆದುಕೊಳ್ಳುತ್ತಾರೆ. ಯಾವುದೂ ಪೂರ್ತಿ ಪರಿಹಾರ ಅಲ್ಲ. ಒಂದು ಕಡೆ ನಿಂತು ಅಳೆಯುವುದಕ್ಕಿಂತ ಮುಂದಕ್ಕೆ ಚಲಿಸುತ್ತಾ ಅಳೆದರೆ ಒಳ್ಳೆಯದು. ಆಗ ರೆಕ್ಕೆಯ ಗಾಳಿ ಹಿಂದಕ್ಕೆ ಹೋಗುತ್ತದೆ.

ಮೀಥೇನ್ ವಿಷಯದಲ್ಲಿ ಲೇಸರ್ ಈ ತೊಂದರೆಗಳನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿದೆ. ಮೀಥೇನ್ ಹೀರಿಕೊಳ್ಳುವ ಬಣ್ಣದ ಅತಿಗೆಂಪು ಲೇಸರ್ ಬಿಟ್ಟು, ಎಷ್ಟು ಬೆಳಕು ಕಡಿಮೆಯಾಯಿತು ಎಂದು ನೋಡುವುದು ತಂತ್ರ. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯವರು ಮಂಗಳನ ಕ್ಯೂರಿಯಾಸಿಟಿ ರೋವರ್‌ಗೆ ಮಾಡಿದ ಲೇಸರ್ ಉಪಕರಣದ ಅನುಭವದಿಂದಲೇ ಡ್ರೋನ್‌ಗೆ ಹೊಂದುವ ಹಗುರ ಸೆನ್ಸರ್ ಮಾಡಿದರು. ಇಂಥವು ಸೆಕೆಂಡಿಗೆ ಹಲವು ಸಲ ಅಳೆಯುತ್ತವೆ.

ಆದರೆ ಇನ್ನೊಂದು ಬಗೆಯ ಲೇಸರ್ ಇದೆ. ಡ್ರೋನ್‌ನಿಂದ ನೆಲಕ್ಕೆ ಹೊಡೆದು, ವಾಪಸ್ ಬಂದ ಬೆಳಕನ್ನು ಅಳೆಯುವಂಥದ್ದು. ಮಾರುಕಟ್ಟೆಯಲ್ಲಿ ಇದೇ ಜಾಸ್ತಿ. ಇದು ಕೊಡುವ ಅಂಕಿಯ ಅಳತೆ ಪಿಪಿಎಂ-ಮೀಟರ್. (ಒಂದು ಪಿಪಿಎಂ ಎಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ ಅನಿಲ.) ಅಂದರೆ ದಾರಿಯುದ್ದಕ್ಕೂ ಸಿಕ್ಕ ಅನಿಲದ ಒಟ್ಟು ಮೊತ್ತ. 100 ಪಿಪಿಎಂ-ಮೀಟರ್ ಎಂದರೆ ಒಂದು ಮೀಟರ್ ದಪ್ಪದ, 100 ಪಿಪಿಎಂ ಗಾಢತೆಯ ಮೋಡ ಇರಬಹುದು. ಅಥವಾ 100 ಮೀಟರ್ ಉದ್ದಕ್ಕೂ ಬರೀ 1 ಪಿಪಿಎಂ ಇರಬಹುದು. ಅಂಕಿ ಒಂದೇ, ಅರ್ಥ ಬೇರೆ. ಇನ್ನೊಂದು ಬಲೆ ಏನೆಂದರೆ, ಮಾಮೂಲಿ ಗಾಳಿಯಲ್ಲೇ ಸುಮಾರು 1.9 ಪಿಪಿಎಂ ಮೀಥೇನ್ ಇದೆ. ನೆಲ ಹತ್ತು ಮೀಟರ್ ತಗ್ಗಿದರೆ ಲೇಸರ್ ದಾರಿ ಅಷ್ಟು ಉದ್ದವಾಗುತ್ತದೆ. ಅಂಕಿ ಸುಮಾರು 19 ಪಿಪಿಎಂ-ಮೀಟರ್ ಏರುತ್ತದೆ. ಅಲ್ಲಿ ಸೋರಿಕೆ ಇಲ್ಲ, ಇರುವುದು ಬರೀ ಹಳ್ಳ.

ಕೆಂಪು ಎಂದರೆ ದೊಡ್ಡ ಸೋರಿಕೆಯೇ?

ಅಲ್ಲ. ಜನ ತುಂಬ ಸಲ ಎಡವುವುದು ಇಲ್ಲೇ.

ಗಾಳಿಯಲ್ಲಿ ಅನಿಲ ಎಷ್ಟು ಗಾಢವಾಗಿದೆ ಎನ್ನುವುದು ಒಂದು. ಸೋರಿಕೆ ಗಂಟೆಗೆ ಎಷ್ಟು ಕಿಲೋ ಎನ್ನುವುದು ಇನ್ನೊಂದು. ಎರಡನ್ನೂ ಜೋಡಿಸುವುದು ಗಾಳಿಯ ವೇಗ. ಒಂದು ಸಣ್ಣ ಲೆಕ್ಕ ಹಾಕೋಣ. ಗಂಟೆಗೆ 10 ಕಿಲೋ ಮೀಥೇನ್ ಸೋರುತ್ತಿದೆ. ಗಾಳಿ ಬೀಸುವ ಕಡೆ ಸ್ವಲ್ಪ ದೂರದಲ್ಲಿ 20 ಮೀಟರ್ ಅಗಲ, 10 ಮೀಟರ್ ಎತ್ತರದ ಒಂದು ಪರದೆ ಇದೆ ಎಂದುಕೊಳ್ಳಿ. ಅನಿಲವೆಲ್ಲ ಅದರ ಮೂಲಕವೇ ಹೋಗುತ್ತದೆ. ಗಾಳಿ ಸೆಕೆಂಡಿಗೆ 3 ಮೀಟರ್ ಇದ್ದರೆ ಆ ಪರದೆಯಲ್ಲಿ ಮೀಥೇನ್ ಸರಾಸರಿ 7 ಪಿಪಿಎಂನಷ್ಟು ಹೆಚ್ಚಾಗಿರುತ್ತದೆ. ಗಾಳಿ 6 ಮೀಟರ್ ಆದರೆ ಅದೇ ಸೋರಿಕೆಗೆ ಬರೀ 3.5 ಪಿಪಿಎಂ. ಹಾಗಾಗಿ ಗಾಳಿ ಕಡಿಮೆ ಇದ್ದ ಬೆಳಿಗ್ಗೆ ತೆಗೆದ ನಕ್ಷೆ ಕಡುಕೆಂಪಾಗಿಯೂ, ಗಾಳಿ ಜೋರಿದ್ದ ಮಧ್ಯಾಹ್ನದ ನಕ್ಷೆ ತಣ್ಣಗೂ ಕಾಣುತ್ತದೆ. "ರಿಪೇರಿ ಮಾಡಿದ ಮೇಲೆ ನೋಡಿ, ಎಷ್ಟು ಕಡಿಮೆಯಾಗಿದೆ" ಎಂದು ಎರಡು ನಕ್ಷೆಗಳನ್ನು ಅಕ್ಕಪಕ್ಕ ಇಟ್ಟರೆ, ಮೊದಲು ಕೇಳಬೇಕಾದದ್ದು ಎರಡೂ ದಿನದ ಗಾಳಿ ಎಷ್ಟಿತ್ತು ಎಂದು.

ಈ ಪರದೆ ಸುಮ್ನೆ ಕಲ್ಪನೆ ಅಲ್ಲ, ಡ್ರೋನ್‌ನಿಂದ ಸೋರಿಕೆಯ ಪ್ರಮಾಣ ಕಂಡುಹಿಡಿಯುವ ಮುಖ್ಯ ವಿಧಾನವೇ ಇದು. ಗಾಳಿಯ ಕೆಳದಿಕ್ಕಿನಲ್ಲಿ, ಅಂದರೆ ಗಾಳಿ ಹೋಗುವ ಕಡೆ, ಡ್ರೋನ್ ಬೇರೆ ಬೇರೆ ಎತ್ತರದಲ್ಲಿ ಅಡ್ಡಡ್ಡ ಹಾರಿ ಪರದೆಯನ್ನು ಅಳೆಯುತ್ತದೆ. ಮೇಲ್ದಿಕ್ಕಿನಲ್ಲಿ, ಅಂದರೆ ಗಾಳಿ ಬರುವ ಕಡೆ, ಹಾರಿ ಮೊದಲೇ ಇದ್ದ ಅನಿಲವನ್ನು ಕಳೆಯುತ್ತಾರೆ. ಉಳಿದದ್ದನ್ನು ಗಾಳಿಯ ವೇಗದಿಂದ ಗುಣಿಸುತ್ತಾರೆ. ಗುಣಾಕಾರ ಆದ್ದರಿಂದ ಗಾಳಿಯ ತಪ್ಪು ನೇರವಾಗಿ ಉತ್ತರಕ್ಕೆ ಬರುತ್ತದೆ. ಸೆಕೆಂಡಿಗೆ 3 ಮೀಟರ್ ಗಾಳಿಯಲ್ಲಿ 1 ಮೀಟರ್ ತಪ್ಪಾದರೆ ಸೋರಿಕೆಯ ಅಂಕಿಯೂ ಮೂರರಲ್ಲೊಂದು ಭಾಗ ತಪ್ಪು. ದೂರದ ಹವಾಮಾನ ಕೇಂದ್ರದ ಅಂಕಿ ತಂದು ಗುಣಿಸಿದರೆ ಕೇಳುವುದೇ ಬೇಡ. ನೆಲಕ್ಕೆ ತೀರಾ ಹತ್ತಿರ ಡ್ರೋನ್ ಹಾರಲಾಗದು, ಅಲ್ಲಿನ ಅಂಕಿ ಊಹೆ. ಪ್ಲೂಮ್ ಪರದೆಯ ಮೇಲಿಂದ ದಾಟಿಹೋದರೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಪ್ರಮಾಣ ಗೊತ್ತಿರುವ ಅನಿಲವನ್ನು ಬೇಕೆಂದೇ ಬಿಟ್ಟು, ಅಳೆಯುವವರಿಗೆ ಹೇಳದೆ ಪರೀಕ್ಷಿಸುವ ಪದ್ಧತಿ ಇದೆ. ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯ ಇದಕ್ಕೆಂದೇ ನಕಲಿ ಗ್ಯಾಸ್ ಘಟಕ ಕಟ್ಟಿದೆ. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಎನ್ವಿರಾನ್ಮೆಂಟಲ್ ಡಿಫೆನ್ಸ್ ಫಂಡ್ ಎಂಬ ಪರಿಸರ ಸಂಸ್ಥೆ ಸೇರಿ ಡ್ರೋನ್, ಟ್ರಕ್, ವಿಮಾನದ ತಂತ್ರಗಳನ್ನು ಹೀಗೇ ಪರೀಕ್ಷೆಗೆ ಹಚ್ಚಿದವು. ಸೋರಿಕೆ ಇದೆಯೋ ಇಲ್ಲವೋ ಎಂದು ಹೇಳುವುದರಲ್ಲಿ ಬಹುತೇಕ ತಂತ್ರಗಳು ಚೆನ್ನಾಗಿ ಮಾಡಿದವು. ಪ್ರಮಾಣ ಹೇಳುವುದರಲ್ಲಿ ಇನ್ನೂ ಕೆಲಸ ಬಾಕಿ ಇತ್ತು.

ಇದರಿಂದ ಬೇಸರಪಡಬೇಕಿಲ್ಲ. ಸೋರಿಕೆಗಳ ಸ್ವಭಾವವೇ ಒಂದು ರೀತಿಯಲ್ಲಿ ಅನುಕೂಲಕರ. ದೊಡ್ಡ ಶೇ 5 ಸೋರಿಕೆಗಳೇ ಒಟ್ಟು ಅನಿಲದ ಸುಮಾರು ಅರ್ಧ ಭಾಗ ಬಿಡುತ್ತವೆ ಎಂದು ಹಲವು ಅಧ್ಯಯನಗಳ ಅಂಕಿಗಳನ್ನು ಒಟ್ಟಿಗೆ ನೋಡಿದಾಗ ಗೊತ್ತಾಗಿದೆ. ರಿಪೇರಿ ಮಾಡುವವನಿಗೆ ಅದು ಗಂಟೆಗೆ 40 ಕಿಲೋನೋ 60 ಕಿಲೋನೋ ಎನ್ನುವುದು ಮುಖ್ಯವಲ್ಲ. ಯಾವ ವಾಲ್ವ್ ಎಂದು ಗೊತ್ತಾದರೆ ಸಾಕು. ದಂಡ ಹಾಕುವವರಿಗೆ, ಕಾರ್ಬನ್ ಕ್ರೆಡಿಟ್ ಮಾರುವವರಿಗೆ ಮಾತ್ರ ಆ ವ್ಯತ್ಯಾಸ ದುಡ್ಡಿನ ವಿಷಯ. ನನ್ನ ಪ್ರಕಾರ ಮೊದಲ ಕೆಲಸಕ್ಕೆ ಡ್ರೋನ್ ಈಗಾಗಲೇ ತಯಾರಾಗಿದೆ. ಎರಡನೆಯದಕ್ಕೆ ಒಂದೇ ಹಾರಾಟದ ಅಂಕಿ ಸಾಲದು.

ಪ್ರಮಾಣ ಬಿಟ್ಟು ಅನುಪಾತ ಹಿಡಿದವರು

ಈ ತೊಡಕನ್ನು ಜಾಣತನದಿಂದ ದಾಟಿದ ಉದಾಹರಣೆ ಹಡಗುಗಳದ್ದು. 2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕ ಶೇ 0.50ಕ್ಕಿಂತ ಹೆಚ್ಚಿರಬಾರದು. ಮೊದಲು ಶೇ 3.50 ಇತ್ತು. ಬಾಲ್ಟಿಕ್ ಸಮುದ್ರದಂಥ ಕೆಲವು ಕಡೆ ಮಿತಿ ಶೇ 0.10 ಮಾತ್ರ. ನಡುಸಮುದ್ರದಲ್ಲಿ ಹೋಗುವ ಹಡಗಿನ ಇಂಧನ ಪರೀಕ್ಷಿಸುವುದು ಹೇಗೆ? ಯುರೋಪಿನ ಸಾಗರ ಸುರಕ್ಷತಾ ಸಂಸ್ಥೆ ಡ್ರೋನನ್ನು ಹಡಗಿನ ಹೊಗೆಯೊಳಗೆ ಹಾರಿಸುತ್ತದೆ. ಡ್ರೋನ್ ಅಲ್ಲಿ ಸಲ್ಫರ್ ಡೈಆಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್ ಎರಡನ್ನೂ ಒಟ್ಟಿಗೆ ಅಳೆಯುತ್ತದೆ. ಹೊಗೆ ಗಾಳಿಯಲ್ಲಿ ಎಷ್ಟು ತೆಳುವಾದರೂ ಎರಡೂ ಒಂದೇ ಪ್ರಮಾಣದಲ್ಲಿ ತೆಳುವಾಗುತ್ತವೆ. ಅನುಪಾತ ಹಾಗೇ ಉಳಿಯುತ್ತದೆ. ಅದರಿಂದ ಇಂಧನದಲ್ಲಿ ಗಂಧಕ ಎಷ್ಟಿತ್ತು ಎಂದು ಲೆಕ್ಕ ಹಾಕಬಹುದು. ಗಾಳಿಯ ವೇಗವೇ ಬೇಡ!

ಅಷ್ಟಾದರೂ ಅವರು ಡ್ರೋನ್ ಅಂಕಿಯನ್ನೇ ಅಂತಿಮ ಸಾಕ್ಷಿ ಮಾಡಿಕೊಂಡಿಲ್ಲ. ಅನುಮಾನ ಬಂದ ಹಡಗಿನ ಹೆಸರು ಮುಂದಿನ ಬಂದರಿಗೆ ಹೋಗುತ್ತದೆ. ಅಲ್ಲಿ ಇನ್ಸ್‌ಪೆಕ್ಟರ್ ಹಡಗಿನೊಳಗೆ ಹೋಗಿ ಇಂಧನದ ಮಾದರಿ ತೆಗೆಯುತ್ತಾರೆ. ಡ್ರೋನನ್ನು ಇಟ್ಟುಕೊಳ್ಳಬೇಕಾದ ಸರಿಯಾದ ಜಾಗ ಇದು.

ಜ್ವಾಲಾಮುಖಿ ತಜ್ಞರದ್ದೂ ಇದೇ ಉಪಾಯ. ಪಾಪುವಾ ನ್ಯೂಗಿನಿಯ ಮನಾಮ್ ಜ್ವಾಲಾಮುಖಿಯ ಬಾಯಿಗೆ ಮನುಷ್ಯರು ಹೋಗುವಂತಿಲ್ಲ. ಅಂತರರಾಷ್ಟ್ರೀಯ ತಂಡವೊಂದು 2 ಕಿಲೋಮೀಟರಿಗಿಂತ ಎತ್ತರಕ್ಕೆ ಡ್ರೋನ್ ಹಾರಿಸಿ ಆ ಎರಡೇ ಅನಿಲಗಳ ಅನುಪಾತ ತಂದಿತು. ಸಲ್ಫರ್ ಡೈಆಕ್ಸೈಡ್‌ನ ಒಟ್ಟು ಪ್ರಮಾಣವನ್ನು ದೂರದಿಂದ ಬೆಳಕಿನ ಉಪಕರಣದಲ್ಲಿ ಅಳೆಯಬಹುದು. ಅದಕ್ಕೆ ಅನುಪಾತ ಸೇರಿಸಿದರೆ ಕಾರ್ಬನ್ ಡೈಆಕ್ಸೈಡ್‌ನ ಲೆಕ್ಕವೂ ಸಿಗುತ್ತದೆ. 2020ರಲ್ಲಿ ಈ ಕೆಲಸ ಪ್ರಕಟವಾಯಿತು.

ಇದಕ್ಕೆ ತದ್ವಿರುದ್ಧವಾಗಿ, ಡ್ರೋನ್ ನಕ್ಷೆಯನ್ನು ಅತಿ ಎಚ್ಚರದಿಂದ ನೋಡಬೇಕಾದದ್ದು ಅಪಘಾತಗಳಲ್ಲಿ. 2020ರ ಫೆಬ್ರವರಿ 22ರಂದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಸಟಾರ್ಷಿಯಾ ಎಂಬ ಊರಿನ ಹತ್ತಿರ ಕಾರ್ಬನ್ ಡೈಆಕ್ಸೈಡ್ ಪೈಪ್‌ಲೈನ್ ಒಡೆಯಿತು. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಅದು ತಗ್ಗು ಹಿಡಿದು ಊರಿನ ಕಡೆ ಹರಿಯಿತು. ಆಮ್ಲಜನಕ ಸಾಲದೆ ವಾಹನಗಳ ಎಂಜಿನ್ ನಿಂತವು. ಸುಮಾರು 200 ಜನರನ್ನು ತೆರವು ಮಾಡಬೇಕಾಯಿತು, 45 ಜನ ಆಸ್ಪತ್ರೆಗೆ ಹೋದರು. ಅನಿಲ ಆ ಊರಿನವರೆಗೆ ಬರಬಹುದು ಎಂದು ಮೊದಲೇ ಮಾಡಿಟ್ಟ ಕಂಪ್ಯೂಟರ್ ಲೆಕ್ಕ ಊಹಿಸಿಯೇ ಇರಲಿಲ್ಲ ಎಂದು ಆಮೇಲಿನ ಸರ್ಕಾರಿ ತನಿಖೆ ಹೇಳಿತು.

ಇಂಥ ಕಡೆ 30 ಮೀಟರ್ ಮೇಲೆ ಹಾರುವ ಡ್ರೋನ್ ಏನು ಹೇಳುತ್ತದೆ? ಅಲ್ಲಿ ಗಾಳಿ ಶುದ್ಧವಾಗಿರಬಹುದು. ನಕ್ಷೆಯೆಲ್ಲ ಹಸಿರು ಬರಬಹುದು. ಕೆಳಗೆ, ಮನುಷ್ಯ ಉಸಿರಾಡುವ ಎತ್ತರದಲ್ಲಿ ಅನಿಲ ನಿಂತಿರಬಹುದು. ಕೆಳಗಿಳಿದು ಅಳೆಯೋಣ ಎಂದರೆ ರೆಕ್ಕೆಯ ಗಾಳಿಯೇ ಆ ಪದರವನ್ನು ಕದಡುತ್ತದೆ. ಉರಿಯುವ ಅನಿಲವಾದರೆ ಇನ್ನೊಂದು ಅಪಾಯ. ಮೀಥೇನ್ ಗಾಳಿಯಲ್ಲಿ ಶೇ 5ರಿಂದ 15ರಷ್ಟು ಸೇರಿದಾಗ ಕಿಡಿ ತಾಗಿದರೆ ಸ್ಫೋಟಿಸುತ್ತದೆ. ಮಾಮೂಲಿ ಡ್ರೋನ್‌ನ ಮೋಟಾರು, ಬ್ಯಾಟರಿ ಯಾವುದೂ ಸ್ಫೋಟ ನಿರೋಧಕ ಅಲ್ಲ. ಹಾಗಾಗಿ ಗಾಳಿಯ ಮೇಲ್ದಿಕ್ಕಿನಿಂದ, ದೂರದಿಂದ, ಲೇಸರ್ ಅಥವಾ ಅತಿಗೆಂಪು ಕ್ಯಾಮೆರಾದಲ್ಲಿ ನೋಡುವುದೇ ಸರಿ. ಯಾರನ್ನು ತೆರವು ಮಾಡಬೇಕು ಎಂದು ಬರೀ ಡ್ರೋನ್ ನಕ್ಷೆ ನೋಡಿ ನಿರ್ಧರಿಸುವುದು ನನಗೆ ಸರಿ ಕಾಣುವುದಿಲ್ಲ. ಡ್ರೋನ್ "ಇಲ್ಲಿ ಅನಿಲ ಇದೆ" ಎಂದರೆ ಓಡಿ. "ಇಲ್ಲ" ಎಂದರೆ ನೆಲದ ಸೆನ್ಸರ್ ಏನು ಹೇಳುತ್ತದೆ ನೋಡಿ.

ಆ "ಇಲ್ಲ" ಎನ್ನುವುದರ ಬಗ್ಗೆ ಇನ್ನೂ ಒಂದು ಮಾತಿದೆ. ನಿಯಮ ಬಿಗಿಯಾದಷ್ಟೂ "ಸೋರಿಕೆ ಕಂಡುಬಂದಿಲ್ಲ" ಎನ್ನುವ ವರದಿಗಳು ಹೆಚ್ಚಾಗುತ್ತವೆ. ಆ ದಿನದ ಗಾಳಿಯಲ್ಲಿ, ಆ ಎತ್ತರದಲ್ಲಿ, ಆ ಸೆನ್ಸರ್ ಗಂಟೆಗೆ ಕನಿಷ್ಠ ಎಷ್ಟು ಕಿಲೋ ಸೋರಿಕೆ ಹಿಡಿಯಬಲ್ಲದು ಎಂದು ಬರೆಯದಿದ್ದರೆ ಆ ವಾಕ್ಯಕ್ಕೆ ಅರ್ಥವಿಲ್ಲ. ಬಣ್ಣದ ಚಿತ್ರದ ಜೊತೆ ಡ್ರೋನ್ ಹಾರಿದ ಗೆರೆ, ಹೊತ್ತು, ಕಚ್ಚಾ ಅಂಕಿ, ಗಾಳಿ ಅಳೆದ ಜಾಗ ಇವನ್ನೂ ಕೊಡಬೇಕೆಂದು ನಿಯಮದಲ್ಲೇ ಸೇರಿಸಬಹುದು. ಇದಕ್ಕೆ ಹೊಸ ಖರ್ಚೇನೂ ಇಲ್ಲ. ಎಲ್ಲವೂ ಡ್ರೋನ್‌ನ ಮೆಮೊರಿಯಲ್ಲಿ ಈಗಾಗಲೇ ಇರುತ್ತದೆ.

ಸೋರಿಕೆ ಸದಾ ಒಂದೇ ಥರ ಇರುವುದೂ ಇಲ್ಲ. ಟ್ಯಾಂಕಿನ ಒತ್ತಡ ಇಳಿಸುವಾಗ, ಕಂಪ್ರೆಸರ್ ಶುರು ಮಾಡುವಾಗ ಒಮ್ಮೆಗೇ ಅನಿಲ ಹೊರಬಂದು ನಿಂತುಬಿಡುತ್ತದೆ. ಡ್ರೋನ್ ನೋಡಿದ್ದು ಇಪ್ಪತ್ತು ನಿಮಿಷ. ವರ್ಷಕ್ಕೆ 8,760 ಗಂಟೆ. ಆ ಇಪ್ಪತ್ತು ನಿಮಿಷದ ಅಂಕಿಯನ್ನು ಇಡೀ ವರ್ಷಕ್ಕೆ ಗುಣಿಸಿ ಟನ್ ಲೆಕ್ಕ ಕೊಟ್ಟಿದ್ದರೆ, ಡ್ರೋನ್ ಹಾರಿದ ಹೊತ್ತಿನಲ್ಲಿ ಘಟಕದಲ್ಲಿ ಏನು ನಡೆಯುತ್ತಿತ್ತು ಎಂದು ಅಲ್ಲಿನ ಲಾಗ್ ಪುಸ್ತಕ ತೆಗೆಸಿ ನೋಡಬೇಕು.